ಯಮನಪ್ಪನ ಸಾವಿಗೊಂದು ತಿದ್ದುಪಡಿ

ನನಗೆ ಗೊತ್ತಿತ್ತು, ಗೌರವ್ವ. ನಿನ್ನ ಗಂಡ ಯಮನಪ್ಪ ಸತ್ತದ್ದು ಕ್ಷಯದಿಂದಲ್ಲ ಎಂಬುದು, ನೀನು ನನ್ನ ಬಾಗಿಲಿಗೆ ಬಂದು ನಿಲ್ಲುವುದಕ್ಕೆ ತಿಂಗಳುಗಳ ಮೊದಲೇ ನನಗೆ ಗೊತ್ತಿತ್ತು. ನಿನ್ನ ಮನೆಯವರು ಗೊತ್ತೇ ಎಂದು ಬಾಗಲಕೋಟೆಯಲ್ಲಿ ಒಬ್ಬ ವೈದ್ಯೆ ನನ್ನನ್ನು ನೇರವಾಗಿ ಕೇಳಿದರು. ನಾನು ಗೊತ್ತಿಲ್ಲ ಎಂದೆ. ಆ ಒಂದು ಮಾತನ್ನು ಈವರೆಗೆ ಯಾರಿಗೂ ಹೇಳಿಲ್ಲ — ನನ್ನ ಹೆಂಡತಿಗೂ.

ಪ್ರತಿ ನಾಗರ ಪಂಚಮಿಗೆ ನೀನು ನನಗೆ ಉಂಡಿ ಕಳಿಸುತ್ತೀ, ತಂಗಿ ಅಣ್ಣನಿಗೆ ಕಳಿಸುವ ಹಾಗೆ. ದಾರಿ ತೋರಿಸಿದ ಅಣ್ಣ ಎನ್ನುತ್ತೀ. ನಾನು ದಾರಿ ತೋರಿಸಿದವನಲ್ಲ, ದಾರಿಗೆ ಅಡ್ಡ ನಿಂತವನು.

ಓದುವ ಉಳಿದವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಇಳಕಲ್ಲಿನ ಬಾತ್ಮಿದಾರನಾಗಿದ್ದೆ. ಹುನಗುಂದ ತಾಲ್ಲೂಕು ಪೂರ್ತಿ ನನ್ನದು. ಬಾಗಲಕೋಟೆ, ಬಾದಾಮಿಗಳಲ್ಲಿ ದೊಡ್ಡ ಕಾರ್ಯಕ್ರಮವಿದ್ದರೆ ಅಲ್ಲಿಗೂ ನನ್ನನ್ನೇ ಕಳಿಸುತ್ತಿದ್ದರು. ಯಾಕೆಂದರೆ — ಇದನ್ನು ಈಗಲೂ ಸಂಕೋಚವಿಲ್ಲದೆ ಹೇಳುತ್ತೇನೆ — ನಾನು ಒಳ್ಳೆಯ ಬಾತ್ಮಿದಾರನಾಗಿದ್ದೆ. ಹೆಸರು ತಪ್ಪುತ್ತಿರಲಿಲ್ಲ, ಊರು ತಪ್ಪುತ್ತಿರಲಿಲ್ಲ. ಭಾಷಣ ಮಾಡಿದವರು ಆಡದ ಮಾತನ್ನು ಅವರ ಬಾಯಲ್ಲಿ ಇಡುತ್ತಿರಲಿಲ್ಲ. ಪತ್ರಿಕೆಯ ಎರಡನೆಯ ಪುಟದ ಕೆಳಮೂಲೆಯಲ್ಲಿ 'ತಿದ್ದುಪಡಿ' ಎಂಬ ಸಣ್ಣ ಚೌಕಟ್ಟು ಬರುತ್ತಿತ್ತು. ಬೇರೆ ಊರುಗಳ ಬಾತ್ಮಿದಾರರದೆಲ್ಲ ಒಂದಿಲ್ಲೊಂದು ದಿನ ಅಲ್ಲಿ ಬಂದಿತ್ತು. ನನ್ನದು ಬಂದಿರಲಿಲ್ಲ. ಒಂದು ಸಭೆಯಲ್ಲಿ ಸುದ್ದಿ ಸಂಪಾದಕರು ಎಲ್ಲರೆದುರು ನನ್ನ ಕಡೆ ಕೈ ಮಾಡಿ, "ಇಳಕಲ್ಲಿಂದ ಬಂದ ಸುದ್ದಿ ನಾ ಕಣ್ಣ ಮುಚ್ಚಿ ಪ್ರೆಸ್ಸಿಗೆ ಕೊಡ್ತೇನಿ" ಎಂದಿದ್ದರು. ಆ ಮಾತನ್ನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದೆ.

ಊರಿನ ಹೆಮ್ಮೆಯೂ ಇತ್ತು. ಇಳಕಲ್ಲ ಸೀರೆ ಯಾರಿಗೆ ಗೊತ್ತಿಲ್ಲ? ಅದರ ಜೊತೆಗೆ ಕೆಂಪು ಕಲ್ಲು. ನಮ್ಮ ಗುಡ್ಡದ ಕಲ್ಲು ಹಡಗು ಹತ್ತಿ ಜಪಾನಿಗೆ ಹೋಗುತ್ತದೆ ಎಂದು ಒಂದು ರವಿವಾರ ಅರ್ಧ ಪುಟ ಬರೆದೆ. ಅದಕ್ಕಾಗಿ ಕ್ವಾರಿಗೆ ಹೋದಾಗ ಯಮನಪ್ಪ ಸಿಕ್ಕ. ರಾಮಥಾಳದ ಕಡೆಯವನು, ಬೀರಪ್ಪ ದೇವರ ಒಕ್ಕಲು, ಹಿರಿಯರು ಕುರಿ ಕಾಯ್ದವರು. ಇವನು ಕಲ್ಲಿಗೆ ತೂತು ಕೊರೆಯುವ ಯಂತ್ರ ಹಿಡಿದಿದ್ದ. ಮೈತುಂಬ ಧೂಳು, ರೆಪ್ಪೆಯ ಮೇಲೂ ಧೂಳು. ನಾನು ಜಪಾನಿನ ಮಾತೆತ್ತಿದೆ. ಅವನು ನಕ್ಕು ಕೆಮ್ಮಿದ, ಕೆಮ್ಮಿ ನಕ್ಕ.

"ನಾ ಕೊರದ ಕಲ್ಲ ಹಡಗ ಹತ್ತೈತ್ರಿ ಸಾಹೇಬ್ರ. ನಾ ಮಾತ್ರ ಹುನಗುಂದದ ಬಸ್ಸಿನ್ಯಾಗ ನಿಂತ ಹೋಗ್ತೇನಿ."

ಆ ಮಾತನ್ನು ಬರೆದೆ. ಕೆಮ್ಮನ್ನು ಬರೆಯಲಿಲ್ಲ.

ಯಮನಪ್ಪನ ಸಂಸಾರ ಇದ್ದದ್ದು ನೇಕಾರರ ಓಣಿಯಲ್ಲಿ, ಬಾಡಿಗೆ ಮನೆ. ಹೆಂಡತಿ ಗೌರವ್ವ ಅಲ್ಲಿಯ ಹೆಂಗಸರಿಂದ ಕೆಚ್ಚುವ ಕೆಲಸ ಕಲಿತಿದ್ದಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುವುದೇ ಕೆಚ್ಚುವುದು. ಸಾವಿರಾರು ಎಳೆ. ಬೆರಳಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿ, ಎಳೆಗೆ ಎಳೆ ಇಟ್ಟು ಒಂದು ತಿರುವು — ಮುಗಿಯಿತು. ಗೌರವ್ವ ಕೆಚ್ಚಿದ ಎಳೆ ಮತ್ತೆ ಹರಿಯುವುದಿಲ್ಲ ಎಂಬ ಹೆಸರಿತ್ತು. ಮನೆಮನೆಗೆ ಅವಳನ್ನು ಕರೆಯುತ್ತಿದ್ದರು.

ನಾಲಿಗೆಗೆ ಮುಟ್ಟಿಸಿದ ಬೆರಳು. ಮುಂದಿನದೆಲ್ಲ ನಡೆದದ್ದು ಆ ಬೆರಳಿನ ಮೇಲೆ.

ಯಮನಪ್ಪ ಸೊರಗುತ್ತ ಬಂದ. ಊರಿನ ಡಾಕ್ಟರು ಕೆಮ್ಮು ನೋಡಿ, ಇಳಿದ ಮೈ ನೋಡಿ, ಟಿಬಿ ಎಂದು ಸೂಜಿ ಮದ್ದು ಶುರುಮಾಡಿದರು. ಗುಣವಾಗಲಿಲ್ಲ. ಬಾಗಲಕೋಟೆಯ ದವಾಖಾನೆಗೂ ಹೋಗಿ ಎದೆಯ ಫೋಟೋ ತೆಗೆಸಿ ಬಂದ. ಅಲ್ಲಿ ಏನೆಂದರು ಎಂಬುದು ತಿಳಿಯುವ ಮೊದಲೇ ತೀರಿಕೊಂಡ.

ಅದೇ ಹೊತ್ತಿಗೆ ಕ್ಷಯರೋಗದ ತಿಳಿವಳಿಕೆಗಾಗಿ ಲೇಖನ ಬೇಕೆಂದು ಪತ್ರಿಕೆ ಕೇಳಿತು. ಯಮನಪ್ಪ ಸತ್ತದ್ದು ಯಾವುದರಿಂದ ಎಂದು ಊರಿನ ಡಾಕ್ಟರರ ಕಂಪೌಂಡರನನ್ನು ಕೇಳಿದೆ. "ಟಿಬಿನ ರೀ" ಎಂದ. ಓಣಿಯವರನ್ನು ಕೇಳಿದೆ, ಅವರೂ ಅದನ್ನೇ ಅಂದರು. ಓಣಿಯವರಿಗೆ ಹೇಳಿದವನು ಅದೇ ಕಂಪೌಂಡರ್ ಎಂಬುದು ಹೊಳೆಯಲಿಲ್ಲ. ಇಬ್ಬರನ್ನು ಕೇಳಿ ಬರೆ ಎಂಬ ನಮ್ಮ ನಿಯಮವನ್ನು ಪಾಲಿಸಿದೆನೆಂದೇ ತಿಳಿದೆ. ಲೇಖನದಲ್ಲಿ ಯಮನಪ್ಪನ ಹೆಸರು ಹಾಕಿದೆ, ಓಣಿಯ ಹೆಸರು ಹಾಕಿದೆ. 'ಅಂಟುಜಾಡ್ಯವನ್ನು ಅಲಕ್ಷಿಸಿದ ಫಲ' ಎಂದು ಬರೆದೆ. ಹೆಸರಿಲ್ಲದ ಸುದ್ದಿ ಸುದ್ದಿಯೇ ಅಲ್ಲ ಎಂದು ಆಗ ನಂಬಿದ್ದೆ.

ಇದನ್ನು ನಾನು ನನ್ನ ದೊಡ್ಡ ತಪ್ಪು ಎನ್ನುವುದಿಲ್ಲ. ತಪ್ಪು ಎಲ್ಲ ಬಾತ್ಮಿದಾರರಿಂದಲೂ ಆಗುತ್ತದೆ. ದೊಡ್ಡದು ಇದರ ನಂತರದ್ದು.

ದೀಪಾವಳಿಯ ಆಸುಪಾಸಿನಲ್ಲಿ ಬಾಗಲಕೋಟೆಯಲ್ಲಿ ಸುತ್ತಿನ ತಾಲ್ಲೂಕುಗಳ ವೈದ್ಯರಿಗೆ ಒಂದು ದಿನದ ತರಬೇತಿ ಇತ್ತು — ಸಾವಿನ ಕಾರಣವನ್ನು ಹೇಗೆ ಬರೆಯಬೇಕು ಎಂಬುದರ ಮೇಲೆ. ವರದಿಗೆ ನಾನು ಹೋದೆ. ಹೇಳಿಕೊಡಲು ಬಂದವರು ಅಲ್ಲಿಯದೇ ದವಾಖಾನೆಯ ಎದೆರೋಗದ ವೈದ್ಯೆ. ಎಲ್ಲರೂ ಡಾಕ್ಟರಬಾಯಿ ಎನ್ನುತ್ತಿದ್ದರು. ಧಾರವಾಡದ ಕಡೆಯ ಮಾತು, ಕಟ್ಟುನಿಟ್ಟು, ಮಧ್ಯೆ ಮಧ್ಯೆ ನಗೆ. ಮೇಜಿನ ಮೇಲೆ ಇಟ್ಟಿಗೆಯಂಥ ಒಂದು ದಪ್ಪ ಪುಸ್ತಕ ಇಟ್ಟರು. ಲೋಕದ ದೇಶಗಳು ಕೂಡಿ ಒಪ್ಪಿಕೊಂಡ ರೋಗಗಳ ವರ್ಗೀಕರಣ. ಮನುಷ್ಯನಿಗೆ ಬರುವ ಪ್ರತಿಯೊಂದು ಬೇನೆಗೂ ಅದರಲ್ಲೊಂದು ಸಂಖ್ಯೆ; ಆ ಸಂಖ್ಯೆ ಜಪಾನಿನಲ್ಲೂ ಅದೇ, ಹುನಗುಂದದಲ್ಲೂ ಅದೇ.

"ಮೇಡಂ, ನಮ್ಮ ಹಳ್ಳಿಗಿಷ್ಟ ದೊಡ್ಡ ಬುಕ್ಕ ಯಾಕ್ರಿ?" ಹಿಂದಿನ ಸಾಲಿನ ಒಬ್ಬ ವೈದ್ಯರು ಕೇಳಿದರು. "ನಮ್ಮಲ್ಲಿ ಮಂದಿ ಸಾಯೂದು ಎರಡ ರೋಗದಿಂದ. ಒಂದು ಜ್ವರಾ, ಇನ್ನೊಂದು ಮುದಿತನ."

ಎಲ್ಲರೂ ನಕ್ಕರು. ಡಾಕ್ಟರಬಾಯಿಯೂ ನಕ್ಕರು.

"ಮೂರನೇದು ಬಿಟ್ರಿ ನೀವು. 'ಹೃದಯ ನಿಂತು ಸತ್ತ' ಅಂತ ಬರೀತೀರಲ್ಲ, ಅದು? ಹೃದಯ ಎಲ್ಲಾರದೂ ನಿಲ್ತದರೀ. ನಿಮ್ಮದೂ ನಿಲ್ತದ, ನಂದೂ ನಿಲ್ತದ. ಅದೇನು ರೋಗ? ಕಡೀಕೇನಾತು ಅನ್ನೂದಲ್ಲ, ಮೊದಲ ಎಲ್ಲಿಂದ ಸುರುವಾತು, ಅದನ್ನ ಬರೀರಿ."

ಆಮೇಲೆ ಎದೆಯ ಫೋಟೋ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಶ್ವಾಸಕೋಶದ ಮೇಲ್ಭಾಗದ ತುಂಬ ಜೋಳದ ನುಚ್ಚು ಚೆಲ್ಲಿದಂತೆ ಚುಕ್ಕೆಗಳು. "ಈ ಪೇಶೆಂಟ್ ಟಿಬಿ ಅಂತ ಸತ್ತ. ಕಫ ಮತ್ತ ಮತ್ತ ನೋಡೇವಿ, ಒಂದು ಹುಳಾ ಇಲ್ಲ. ಇದು ಕಲ್ಲಿನ ಧೂಳು. ವರ್ಷಗಟ್ಟಲೆ ಒಳಗ ಹೋಗಿ ಕೂತದ." ಪುಸ್ತಕ ತೆರೆದರು. "ಟಿಬಿ ಅಂದ್ರ ಸೊನ್ನೆ ಹನ್ನೊಂದು — ಅಂಟು ರೋಗದ ಓಣಿ. ಇದು ಐದುನೂರಾ ಎರಡು — ಧೂಳಿನ ಓಣಿ. ಸತ್ತಾಂವಗ ಯಾವ ಓಣಿಯಾದ್ರೂ ಅಷ್ಟ. ಆದ್ರ ಅವನ ಹೇಂತಿ ಮಕ್ಕಳು ಬದುಕಬೇಕಲ್ಲ? ಅಂಟು ರೋಗ ಅಂತ ಬರದ್ರ ಅವರನ್ನ ಯಾರು ಹತ್ರ ಬಿಡ್ತಾರ? ಕ್ವಾರಿಯೊಳಗ ಅವನ ಜೋಡಿ ದುಡಿಯೋರಿಗೆ ಯಾರು ಎಚ್ಚರಾ ಹೇಳ್ತಾರ?"

ಫೋಟೋದ ಮೂಲೆಯಲ್ಲಿ ಬಿಳಿ ಅಕ್ಷರದ ಹೆಸರಿತ್ತು. ನಾನು ಮುಂದಿನ ಸಾಲಿನಲ್ಲಿದ್ದೆ. ಓದಿದೆ.

ಚಹದ ಹೊತ್ತಿಗೆ ಡಾಕ್ಟರಬಾಯಿ ತಾವಾಗಿಯೇ ನನ್ನ ಹತ್ತಿರ ಬಂದರು. "ನೀವು ಇಳಕಲ್ಲಿನವರಂತಲ್ಲ? ಆ ಕಲ್ಲ ಕೊರಿಯೋ ಯಮನಪ್ಪನ ಮನಿಯವರು ನಿಮಗ ಗೊತ್ತೇನ್ರಿ? ಕಾಗದ ಬರದಿದ್ದೆ, ವಿಳಾಸ ಸರಿ ಇಲ್ಲಂತ ತಿರುಗಿ ಬಂತು. ಆ ಹೆಣ್ಮಗಳಿಗೆ ಒಂದು ಮಾತು ಮುಟ್ಟಿಸಬೇಕಾಗೇದ."

ಕೈಯಲ್ಲಿ ಚಹದ ಕಪ್ಪು-ಬಸಿ ಇತ್ತು. ಚಹ ಬಿಸಿಯಾಗಿತ್ತು. ನಾನು ಯೋಚಿಸಿದ್ದೇನು? ಗೌರವ್ವನನ್ನಲ್ಲ. ಎರಡನೆಯ ಪುಟದ ಕೆಳಮೂಲೆಯ ಆ ಚೌಕಟ್ಟು — ಅದರೊಳಗೆ 'ಇಳಕಲ್ಲ' ಎಂಬ ಅಕ್ಷರಗಳು — ಮುಂದಿನ ಸಭೆಯಲ್ಲಿ ಸಂಪಾದಕರ ಮುಖ —

"ಗೊತ್ತಿಲ್ರಿ," ಎಂದೆ.

ಇಡೀ ತರಬೇತಿಯನ್ನು ನಾಲ್ಕು ಸಾಲಿನಲ್ಲಿ ಮುಗಿಸಿದೆ. 'ವೈದ್ಯರಿಗೆ ಉಪಯುಕ್ತ ತರಬೇತಿ ನೀಡಲಾಯಿತು.' ಒಂದಕ್ಷರ ಸುಳ್ಳಿರಲಿಲ್ಲ. ನಮ್ಮ ವೃತ್ತಿಯಲ್ಲಿ ಸುಳ್ಳನ್ನು ಹೀಗೂ ಬರೆಯಬಹುದು. ಹಿಂತಿರುಗುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಎಂದಿನಂತೆ ಮನೆಗೆ ಕರದಂಟು ಕಟ್ಟಿಸಿಕೊಂಡೆ. ಮನೆಯಲ್ಲಿ ಎಲ್ಲರೂ ತಿಂದೆವು.

ಒಂದು ವಿಷಯವನ್ನು ಇಲ್ಲಿ ಸೇರಿಸಬೇಕು. ಡಾಕ್ಟರಬಾಯಿ ಆ ಪುಸ್ತಕದ ಮೊದಲ ಪುಟ ತೋರಿಸಿದ್ದರು. ಹೆಸರಿನ ಕೆಳಗೇ 'ಒಂಬತ್ತನೆಯ ಪರಿಷ್ಕರಣೆ' ಎಂದಿತ್ತು. ಲೋಕದ ತಜ್ಞರು ಕೂತು ಹೆಚ್ಚುಕಡಿಮೆ ಹತ್ತು ವರ್ಷಕ್ಕೊಮ್ಮೆ ತಮ್ಮದನ್ನು ತಾವೇ ತಿದ್ದಿ, ತಿದ್ದಿದ್ದೇವೆ ಎಂದು ಮುಖಪುಟದಲ್ಲೇ ಅಚ್ಚು ಹಾಕಿಸುತ್ತಾರೆ. ಅದೇ ಅವರ ಹೆಮ್ಮೆ. ನಾನೋ — ಒಮ್ಮೆಯೂ ತಿದ್ದಲಿಲ್ಲ ಎಂಬುದನ್ನು ಹೆಮ್ಮೆ ಎಂದುಕೊಂಡಿದ್ದೆ.

ಇತ್ತ ಓಣಿಯಲ್ಲಿ ಏನಾಗುತ್ತಿತ್ತು ಎಂಬುದೂ ನನಗೆ ಗೊತ್ತಿತ್ತು. ಪತ್ರಿಕೆಯ ತುಂಡನ್ನು ಯಾರೋ ಚಹದಂಗಡಿಯ ಗೋಡೆಗೆ ಅಂಟಿಸಿದ್ದರು. ನಾಲಿಗೆಗೆ ಮುಟ್ಟಿಸಿದ ಬೆರಳಿನಿಂದ ರೋಗ ಅಂಟೀತೆಂದು ಕೆಚ್ಚಲು ಗೌರವ್ವನನ್ನು ಕರೆಯುವುದು ನಿಂತಿತು. ಮೊದಲು ಬಾಗಿಲು ಮುಚ್ಚಿದವಳು ನೀಲವ್ವ, ಓಣಿಗೆ ಹಿರಿಯಳು, ಗೌರವ್ವನಿಗೆ ಆ ಕೆಲಸ ಕಲಿಸಿದವಳು. ಮಗಳು ರೇಣುಕಾಳನ್ನು ಸಾಲೆಯಲ್ಲಿ ಬಾಗಿಲ ಬಳಿ ಬೇರೆ ಕೂಡಿಸಿದರು. ಕಡೆಗೆ ಗೌರವ್ವ ರಸ್ತೆಯ ಕೆಲಸಕ್ಕೆ ಕಲ್ಲು ಒಡೆಯಲು ಹೋದಳು. ಗಂಡನನ್ನು ನುಂಗಿದ ಧೂಳಿನೊಳಗೆ ಹೆಂಡತಿ ಸುತ್ತಿಗೆ ಹಿಡಿದು ಕೂತಿದ್ದಳು. ಸೈಕಲ್ ಮೇಲೆ ಹೋಗುವಾಗ ನೋಡಿದೆ. ಒಂದು ಸಲವಲ್ಲ.

ಹೋಳಿ ಕಳೆದ ಮೇಲೆ ನೀನು ನನ್ನ ಬಾಗಿಲಿಗೆ ಬಂದೆ, ಗೌರವ್ವ. ಕಟ್ಟೆಯ ಮೇಲೆ ಕೂಡಲಿಲ್ಲ, ಅಂಗಳದಲ್ಲೇ ನಿಂತೆ.

"ನೀವು ಬರದ್ರಿ. ನೀವ ಅಳಸ್ರಿ," ಎಂದು ನೀನು ಅಂದೆ.

"ಪೇಪರಿನ್ಯಾಗ ಬಂದದ್ದ ಅಳಸಾಕ ಬರೂದಿಲ್ಲವ್ವ."

"ಬೀರಪ್ಪನ ಭಂಡಾರ ಮುಟ್ಟಿ ಹೇಳ್ತೇನ್ರಿ, ಅಂವಗ ರಕ್ತ ಬಿದ್ದಿಲ್ಲ, ಚಳಿಜ್ವರಾ ಬಂದಿಲ್ಲ. ಅಂವನ ತಾಟಿನ್ಯಾಗ ಉಂಡೇನಿ, ಅಂವನ ಬಾಜೂಕ ಮಲಗೇನಿ. ನನಗ್ಯಾಕ ಅಂಟಲಿಲ್ಲ? ನನ್ನ ಮಗಳಿಗ್ಯಾಕ ಅಂಟಲಿಲ್ಲ? ನೀವು ಓದಿದವ್ರು, ಹೇಳ್ರಿ."

ಉತ್ತರ ನನ್ನ ನಾಲಿಗೆಯ ಮೇಲಿತ್ತು. ಮೂರು ಅಂಕಿಯ ಉತ್ತರ. ಹೇಳಲಿಲ್ಲ. ನಿನ್ನನ್ನು ಬಾಗಿಲಿನಿಂದ ಸಾಗಹಾಕಬೇಕಿತ್ತು, ಅಷ್ಟೇ. "ಬಾಗಲಕೋಟಿ ದವಾಖಾನ್ಯಾಗ ಎದಿ ಫೋಟೋ ನೋಡೂ ಡಾಕ್ಟರಬಾಯಿ ಅದಾರ, ಅವರನ್ನ ಕೇಳ ಹೋಗು" ಎಂದೆ. ನೀನು ಹೋಗಲಾರೆ ಎಂದುಕೊಂಡಿದ್ದೆ.

ನೀನು ಮರುದಿನದ ಮೊದಲ ಬಸ್ಸಿಗೇ ಹೋದೆ.

ಡಾಕ್ಟರಬಾಯಿಯ ಮುಂದೆ ನೀನು ಏನು ಮಾತಾಡಿದೆ ಎಂಬುದು ನನಗೆ ಪೂರ್ತಿ ತಿಳಿಯದು. ಒಂದು ಕಾಗದ ಬರೆದುಕೊಡುತ್ತೇನೆ ಎಂದು ಅವರು ಅಂದರಂತೆ. "ಕಾಗದ ನಮ್ಮ ಓಣ್ಯಾಗ ಯಾರ ಓದ್ತಾರ್ರಿ? ಕಾಗದದ ಮ್ಯಾಲ ಬಂದದ್ದಕ್ಕ ಇಷ್ಟ ಆಗೇತಿ. ನೀವ ಬರ್ರಿ" ಎಂದೆಯಂತೆ. ಇದನ್ನು ನೀನೇ ಆಮೇಲೆ ನಗುತ್ತ ಹೇಳಿದ್ದು.

ಅವರು ಬಂದರು. ಇಳಕಲ್ಲಿನಲ್ಲಿ ತಪಾಸಣೆಯ ಶಿಬಿರವಿದ್ದ ದಿನ, ಮುಂಜಾನೆಯೇ ಓಣಿಗೆ ಬಂದರು. ಸುದ್ದಿ ತಿಳಿದು ನಾನೂ ಹೋದೆ. ಓಣಿಯ ಉದ್ದಕ್ಕೂ ಹಾಸು ಬಿಗಿದಿತ್ತು. ಗಂಜಿ ಹಚ್ಚುವ ಕೆಲಸ. ನಾಲ್ಕಾರು ಮನೆಯವರು ಕೂಡಿ ಕುಂಚ ಎಳೆಯುತ್ತಿದ್ದರು. ಗೌರವ್ವ ಮಾತ್ರ ತನ್ನ ಹೊಸ್ತಿಲ ಮೇಲೆ. ಡಾಕ್ಟರಬಾಯಿ ನೇರವಾಗಿ ಅವಳ ಹತ್ತಿರ ಹೋಗಿ, "ಗೌರವ್ವ, ಬಿಸಲು ಭಾಳ ಆಗೇದ. ನೀರು ಕೊಡು" ಎಂದರು.

ಗೌರವ್ವ ಚರಿಗೆ ತಂದಳು. ಮೊದಲು ನೀನು ಒಂದು ಗುಟುಕು ಕುಡಿ ಎಂದು ಡಾಕ್ಟರಬಾಯಿ ಹೇಳಿದರು. ಅವಳು ಕುಡಿದಳು. ಆಮೇಲೆ ಅದೇ ಚರಿಗೆಯನ್ನು ಇವರು ತುಟಿಗೆ ಹಚ್ಚಿ, ಎಲ್ಲರೂ ನೋಡುತ್ತಿದ್ದಂತೆ, ಪೂರ್ತಿ ಕುಡಿದರು.

"ಇವಳ ಗಂಡ ಸತ್ತದ್ದು ಕಲ್ಲಿನ ಧೂಳಿನಿಂದ. ಧೂಳು ಒಬ್ಬರಿಂದ ಒಬ್ಬರಿಗೆ ಅಂಟೂದಿಲ್ಲ. ಇನ್ನೇನರ ಕೇಳೂದಿದ್ರ ಕೇಳ್ರಿ."

ಕುಂಚಗಳು ನಿಂತಿದ್ದವು. ಮುಂದೆ ನಡೆದದ್ದನ್ನು ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ — ನನ್ನ ಸಲುವಾಗಿ ಅಲ್ಲ. ಗೌರವ್ವ, ನೀನು ಯಾರ ಒಪ್ಪಿಗೆಗೂ ಕಾಯಲಿಲ್ಲ. ಹೊಸ್ತಿಲು ಇಳಿದು ಬಂದೆ. ಬಿಗಿದ ಹಾಸಿನಲ್ಲಿ ಒಂದು ಎಳೆ ಹರಿದು ಜೋತಾಡುತ್ತಿತ್ತು. ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ — ನಿಧಾನ, ಎಲ್ಲರಿಗೂ ಕಾಣುವ ಹಾಗೆ — ಆ ಎಳೆಯನ್ನು ಕೆಚ್ಚಿದೆ. ಕೆಚ್ಚಿ, ತಲೆಯೆತ್ತಿ ಓಣಿಯನ್ನು ನೋಡಿದೆ. ಬಾದಾಮಿಯ ಗುಹೆಗಳನ್ನು ನೋಡಿದ್ದೇನೆ, ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ನಿಲುವುಗಳನ್ನು ನೋಡಿದ್ದೇನೆ. ಆ ದಿನ ನೀನು ನಿಂತ ಹಾಗೆ ನಿಂತವರನ್ನು ಮತ್ತೆ ನೋಡಿಲ್ಲ.

ಮೊದಲು ಬಾಯಿ ತೆರೆದವಳು ನೀಲವ್ವ.

"ಏ ಗೌರಿ, ಇಲ್ಲಿನೂ ಎರಡ ಎಳಿ ಹರದಾವ. ಇವನ್ನೇನ ನಿಮ್ಮವ್ವ ಬಂದ ಕೆಚ್ಚತಾಳೇನ?"

"ನಮ್ಮವ್ವ ಯಾಕ ಬರಬೇಕು? ಕಲಿಸಿದಾಕಿ ನೀ ಅದಿ. ಕಣ್ಣ ಕಾಣವಲ್ವೇನ ನಿನಗ?"

"ಕಾಣವಲ್ವು. ಅದಕ್ಕ ಇಷ್ಟ ದಿನ ಹಿಂಗ ಆತು," ಎಂದಳು ನೀಲವ್ವ. ಸೆರಗಿನಿಂದ ಮೂಗು ಒರೆಸಿಕೊಂಡು ಕುಂಚ ಎತ್ತಿದಳು. ಓಣಿ ಮತ್ತೆ ಕೆಲಸಕ್ಕೆ ಹತ್ತಿತು.

ಆಗ ನೀನು ನನ್ನನ್ನು ಕಂಡೆ. ಎಲ್ಲರಿಗೂ ಕೇಳುವಂತೆ, "ಡಾಕ್ಟರಬಾಯಿ ಕಡೆ ಹೋಗಂತ ದಾರಿ ತೋರಿಸಿದವ್ರ ಇವ್ರ! ನನಗ ಅಣ್ಣ ಇದ್ದಂಗ" ಎಂದೆ. ಡಾಕ್ಟರಬಾಯಿ ತಿರುಗಿ ನೋಡಿದರು. ಗುರುತು ಹಿಡಿದರು — ಚಹದ ಹೊತ್ತು, ಕಪ್ಪು-ಬಸಿ, 'ಗೊತ್ತಿಲ್ರಿ'. ಅವರ ಕಣ್ಣು ನನ್ನ ಮೇಲೆ ನಿಂತಿತು. ನಾನು ಹೇಳಲಿ ಎಂದು ಕಾದರು, ಈಗ ನನಗೆ ಹಾಗನ್ನಿಸುತ್ತದೆ. ನಾನು ನಿನಗೆ ಕೈ ಮುಗಿದು ಮುಗುಳ್ನಕ್ಕೆ.

ಬಾಗಲಕೋಟೆಯಲ್ಲಿ ಬಾಯಿಂದ ಹೇಳಿದ ಸುಳ್ಳಿಗಿಂತ ಆ ನಗೆ ದೊಡ್ಡ ಸುಳ್ಳು. ಆ ವರ್ಷದ ಪಂಚಮಿಗೆ ನಿನ್ನ ಮನೆಯಿಂದ ಮೊದಲ ಸಲ ಉಂಡಿ ಬಂದವು. ಶೇಂಗಾದವು, ಎಳ್ಳಿನವು. ಅಂದಿನಿಂದ ತಪ್ಪಿಲ್ಲ.

ಆ ದಿನ ಓಣಿಯಲ್ಲಿ ನಡೆದದ್ದನ್ನೂ ನಾನು ಬರೆಯಲಿಲ್ಲ. ಬರೆದರೆ ಹಳೆಯ ತಪ್ಪನ್ನು ಬರೆಯಬೇಕಾಗುತ್ತಿತ್ತು. ನನ್ನ ಕಣ್ಣೆದುರು ನಡೆದ ಎಲ್ಲಕ್ಕಿಂತ ದೊಡ್ಡ ಸುದ್ದಿ ಅದು. ಅದು ಅಚ್ಚಾಗಿದ್ದರೆ ಕ್ವಾರಿಯಲ್ಲಿ ಯಂತ್ರ ಹಿಡಿದ ಉಳಿದವರೂ ಓದುತ್ತಿದ್ದರು, ಅಥವಾ ಓದಿಸಿ ಕೇಳುತ್ತಿದ್ದರು. ಅವರಲ್ಲಿ ಯಾರು ಯಾರು ಆಮೇಲೆ ಕೆಮ್ಮಿ ಸತ್ತರು, ಅವರ ಸಾವಿಗೆ ಯಾರು ಯಾವ ಹೆಸರಿಟ್ಟರು — ಅದನ್ನು ವಿಚಾರಿಸಲು ನಾನು ಹೋಗಲೇ ಇಲ್ಲ. ಹೋಗಬೇಕಿತ್ತು.

ನಿವೃತ್ತನಾದ ದಿನ ನನಗೆ ಶಾಲು ಹೊದಿಸಿದರು. 'ಒಂದೂ ತಿದ್ದುಪಡಿ ಬಾರದ ಬಾತ್ಮಿದಾರ' ಎಂದು ಹೊಗಳಿದರು. ನೀನು ಸಭೆಯ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಇತ್ತೀಚೆಗೆ ರೇಣುಕಾ ನನಗೊಂದು ಮಾತು ಹೇಳಿದಳು. ನೀನು ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತೀಯಂತೆ. ವಯಸ್ಸಿನದೋ, ನನ್ನ ಮೌನದ ತಿಂಗಳುಗಳಲ್ಲಿ ನೀನು ರಸ್ತೆಯ ಬದಿಯಲ್ಲಿ ಕುಡಿದ ಧೂಳಿನದೋ — ಗೊತ್ತಿಲ್ಲ. ಈ ಸಲ ಆ ಮಾತು ಖರೆ. ಮೊದಲು ಎಲ್ಲಿಂದ ಸುರುವಾಯಿತು, ಅದನ್ನು ಬರೆಯಿರಿ ಎಂದಿದ್ದರು ಡಾಕ್ಟರಬಾಯಿ. ನನ್ನ ಈ ರೋಗ ಸುರುವಾದದ್ದು ಎಲ್ಲಿಂದ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹೆಮ್ಮೆಯಿಂದ. ಹೆಮ್ಮೆ ಪಡಬೇಕಾದ ವ್ಯಕ್ತಿ ಕಣ್ಣೆದುರಿಗಿದ್ದಾಗ ನನ್ನನ್ನೇ ನೋಡಿಕೊಂಡು ನಿಂತೆ.

ಆ ದಪ್ಪ ಪುಸ್ತಕ ಈಗ ಹನ್ನೊಂದನೆಯ ಪರಿಷ್ಕರಣೆಗೆ ಬಂದಿದೆಯಂತೆ. ನನ್ನದು ಮೊದಲನೆಯದು. ಚೌಕಟ್ಟಿನ ಅಳತೆಗೆ ಬರೆಯಲು ಇನ್ನೂ ಬರುತ್ತದೆ:

ತಿದ್ದುಪಡಿ — ಇಳಕಲ್ಲಿನ ಕಲ್ಲು ಕೊರೆಯುವ ಕಾರ್ಮಿಕ ಯಮನಪ್ಪ ಕ್ಷಯರೋಗದಿಂದ ಮೃತಪಟ್ಟನೆಂದು ಈ ಬಾತ್ಮಿದಾರ ವರದಿ ಮಾಡಿದ್ದು ತಪ್ಪು. ಅವನು ಸತ್ತದ್ದು ಕಲ್ಲಿನ ಧೂಳಿನಿಂದ. ಅದು ಅಂಟುರೋಗವಲ್ಲ. ಇದು ತಿಳಿದ ಮೇಲೂ, ಅವನ ಮನೆಯವರು ಗೊತ್ತೇ ಎಂದು ವೈದ್ಯೆ ಕೇಳಿದಾಗ ಬಾತ್ಮಿದಾರ ಗೊತ್ತಿಲ್ಲವೆಂದು ಹೇಳಿದ. ಸತ್ಯವನ್ನು ಓಣಿಗೆ ತಂದವಳು ಯಮನಪ್ಪನ ಹೆಂಡತಿ ಗೌರವ್ವ. ಬಾತ್ಮಿದಾರನ ಪಾಲು ಅದರಲ್ಲಿ ಏನೂ ಇಲ್ಲ.

ಪಂಚಮಿ ಹತ್ತಿರ ಬಂತು. ಉಂಡಿ ಕಟ್ಟುವ ಮೊದಲು ರೇಣುಕಾ ಇದನ್ನು ನಿನಗೆ ಓದಿ ಹೇಳಲಿ. ಕಟ್ಟಬೇಕೋ ಬೇಡವೋ ಎಂಬುದು ಆಮೇಲಿನ ಮಾತು, ನಿನ್ನ ಮಾತು. ನಾನು ಮಾತ್ರ ಓಣಿಗೆ ಬರುತ್ತೇನೆ. ನೀನು ನನ್ನನ್ನು ಅಣ್ಣ ಎಂದು ಕೂಗಿದ ಅದೇ ಜಾಗದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, ಆ ತಿದ್ದುಪಡಿಯನ್ನು ಓದುತ್ತೇನೆ. ಡಾಕ್ಟರಬಾಯಿಯ ಹಾಗೆ ನಿನ್ನ ಹತ್ತಿರ ನೀರು ಕೇಳುವುದಿಲ್ಲ, ಅದಕ್ಕೆ ನನಗೆ ಹಕ್ಕಿಲ್ಲ.